ಮುಖ ಮುಚ್ಚಿ ಹೇಳಿದ ಪದಗಳು

ಮುದ್ದೇಬಿಹಾಳ
11-2-2001

ಪ್ರೀತಿಯ ಐಶ್ವರ್ಯಾ,

ನಾವೆಲ್ಲ ಕ್ಷೇಮ. ಧಾರವಾಡದ ಹಾಸ್ಟೆಲ್ ಊಟ ಈಗಲಾದರೂ ಒಗ್ಗಿತೇ? ನೀನು ಫೋನ್ ಮಾಡಿದ ಮರುದಿನವೇ ಬರೆಯಬೇಕಿತ್ತು, ಎರಡು ವಾರ ದಾಟಿಸಿದೆ. ಬೇಸರ ಮಾಡಿಕೊಳ್ಳಬೇಡ. ಆಮೇಲೆ ನೀನೂ ಫೋನ್ ಮಾಡಿಲ್ಲ. ಪರೀಕ್ಷೆಯ ಓದಿರಬೇಕು ಎಂದುಕೊಂಡಿದ್ದೇನೆ.

ನಮ್ಮ ಶಾಲೆಯಲ್ಲಿ ಶಿಕ್ಷಕರಿಗೆ ಇಂಗ್ಲಿಷ್ ಉಚ್ಚಾರಣೆ ತಿದ್ದುವ ತರಬೇತಿ ನಡೆದಿದೆ. ಕಲಿಸಲು ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದಿದ್ದಾಳೆ. ಇದರಲ್ಲಿ ಪಾಸಾದವರಿಗಷ್ಟೇ ಜೂನ್‌ನಿಂದ ಹೈಸ್ಕೂಲಿನ ಇಂಗ್ಲಿಷ್; ಉಳಿದವರು ಚಿಕ್ಕ ಮಕ್ಕಳ ತರಗತಿಗೆ. ಕಾನ್ವೆಂಟಿನಲ್ಲಿ ಕಲಿತವಳು, ನನಗೇನು ಭಯ ಎಂದು ಮುಂದಿನ ಬೆಂಚಿನಲ್ಲೇ ಕುಳಿತೆ.

ನನ್ನ ಓದು ಕೇಳಿ ಅವಳು, "ಮೇಡಂ, ನಿಮ್ಮ 'ಸ' ತುಂಬಾ ಮೊಂಡಾಗಿ ಬರ್ತಿದೆ" ಎಂದಳು. ಗಣಿತದ ಚಮನಸಾಬ ಸರ್ ಸುಮ್ಮನಿರುವವರೇ? "ಅಕ್ಕೋರದ್ದ ಹಿಂಗಾದ್ರ ನಮ್ಮ ಗತಿ ಏನ್ರಿ? ನಾವ್ ಇಂಗ್ಲಿಷಿಗೆ ಬಾಯಿ ತಗದ್ರ ರೊಟ್ಟಿ, ಪುಂಡಿಪಲ್ಲೆ ವಾಸನಿ ಹೊಡೀತೈತಿ!" ಎಲ್ಲರ ಜೊತೆ ನಾನೂ ನಕ್ಕೆ. ಆದರೆ ದಾರಿಯುದ್ದಕ್ಕೂ ಅದೇ ಯೋಚನೆ. ಮದುವೆಯಾಗಿ ಬಂದ ಈ ಇಪ್ಪತ್ತು ವರ್ಷದಲ್ಲಿ ಈ ಊರಿನ ಮಾತು ನನ್ನ ನಾಲಿಗೆಗೆ ಅಂಟಿತೇ? ಅಂಟಿದರೆ ತಪ್ಪೇನು ಎಂದೂ ಅನ್ನಿಸಿತು, ಆದರೆ ಸಮಾಧಾನವಾಗಲಿಲ್ಲ.

ಮನೆಯಲ್ಲಿ ತರಬೇತಿಯ ಕ್ಯಾಸೆಟ್ಟನ್ನು ಟೇಪಿಗೆ ಹಾಕಿ, ಕನ್ನಡಿ ಎದುರು ಕುಳಿತು, ತುಟಿಯ ಮುಂದೆ ಕಾಗದದ ಚೂರು ಹಿಡಿದು ಅಭ್ಯಾಸ ಮಾಡಿದೆ. 'ಫ' ಎಂದರೆ ಕಾಗದ ಅಲುಗಬೇಕು. ಅಲುಗುತ್ತಿತ್ತು. ನಿನ್ನ ಅಜ್ಜಿ, "ಏನವಾ, ಹಾವಿನಂಗ ಬುಸ್ ಬುಸ್ ಅನ್ನಾಕತ್ತಿ? ಆ ಟೇಪರ ಸಣ್ಣಗ ಮಾಡ, ಓಣಿ ಮಂದಿ ಬೈತಾರ" ಎಂದರು. ನನಗೆ ಟೇಪಿನ ಸದ್ದು ದೊಡ್ಡದೆನಿಸಿರಲೇ ಇಲ್ಲ.

ಮೊನ್ನೆ ಆ ಹುಡುಗಿ ಪುಸ್ತಕದಿಂದ ಮುಖ ಮುಚ್ಚಿಕೊಂಡು ಒಮ್ಮೆ 'ಫೈನ್', ಒಮ್ಮೆ 'ಸೈನ್' ಎನ್ನುತ್ತ ಯಾವುದೆಂದು ಕೇಳಿದಳು. ಚಮನಸಾಬ ಸರ್ ಒಂದೂ ತಪ್ಪಲಿಲ್ಲ. ನನಗೆ ಎರಡೂ ಒಂದೇ. ಅವಳು ಪುಸ್ತಕ ಇಳಿಸಿದಾಗ ತುಟಿ ನೋಡಿ ಸರಿಯಾಗಿ ಹೇಳಿದೆ. ಮತ್ತೆ ಮುಚ್ಚಿದಳು, ಮತ್ತೆ ತಪ್ಪಿದೆ. ಅವಳು ಪಾಠ ಬಿಟ್ಟು ನನ್ನನ್ನೇ ನೋಡುತ್ತ ನಿಂತಳು.

ಸಂಜೆ ಗೇಟಿನ ಹತ್ತಿರ ಚಮನಸಾಬ ಸರ್ ನನ್ನೆದುರು ಬಂದು ನಿಂತರು. "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಹಿಂದಿನಿಂದ ಕರೆದ್ರ ನೀವ್ ತಿರುಗಿ ನೋಡಂಗಿಲ್ಲ. ಸೊಕ್ಕ ಅಂತ ತಿಳ್ಕೊಂಡಿದ್ದೆ. ನಮ್ಮ ಅಪ್ಪಂದೂ ಹಿಂಗ ಸುರು ಆಗಿತ್ರಿ. ನಾಲಿಗಿ ಬಿಡ್ರಿ, ಮೊದಲ ಕಿವಿ ತೋರಸ್ರಿ."

ಶನಿವಾರ ನಿಮ್ಮಪ್ಪನ ಜೊತೆ ವಿಜಾಪುರದ ಕಿವಿ ಡಾಕ್ಟರ ಹತ್ತಿರ ಹೋಗುತ್ತೇನೆ. ಶಾಲೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಹಿಂದಿನ ಬೆಂಚಿನ ಮಕ್ಕಳಿಗೆ "ಬಾಯಿ ಬಿಟ್ಟು ಹೇಳು" ಎಂದು ಗದರುತ್ತಿದ್ದೆ. ಅವರು ಸರಿಯಾಗಿಯೇ ಹೇಳುತ್ತಿದ್ದರೋ ಏನೋ. ಒಂದನೇ ತರಗತಿಗೆ ಹಾಕಿದರೂ, ಆ ಪುಟ್ಟ ದನಿಗಳು ನನಗೆ ಕೇಳಿಸಬೇಕಲ್ಲ?

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ನಗುನಗುತ್ತ ಇರುವಂತೆ ಬಸವಣ್ಣ ಕಾಯಲಿ.

ನಿನ್ನ ಅವ್ವ,
ಜಯಮಾಲಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ಅಂದು ಫೋನಿನಲ್ಲಿ ನೀನು ಬಹಳ ಹೊತ್ತು ಏನೋ ಹೇಳಿದೆ. ನೀನು ಮಾತು ನಿಲ್ಲಿಸಿದ ಮೇಲೆ ನಾನು "ಛಲೋ ಆತ್ ಬಿಡವಾ" ಎಂದೆ. ನೀನು ಫೋನ್ ಇಟ್ಟುಬಿಟ್ಟೆ. ನನಗೆ ಏನೂ ತಿಳಿದಿರಲಿಲ್ಲ ಮಗಳೇ. ಲೈನ್ ಸರಿಯಿಲ್ಲ ಎಂದುಕೊಂಡು, ಮತ್ತೆ ಕೇಳಲು ನಾಚಿ ಹಾಗೆಂದೆ. ನೀನು ಅಳುತ್ತಿದ್ದೆಯಾ? ಅಂದು ಹೇಳಿದ್ದನ್ನೆಲ್ಲ ಬರೆದು ಕಳಿಸು.