ಅತ್ತೆಯ ದೇವದಾರು

ಜುಲೈ 27, ಭಾನುವಾರ

ದೇವದಾರು ಕಡಿದು ಮುಗಿಯಿತು. ಅತ್ತೆ ಭೀಮವ್ವ ಸುರಪುರದಿಂದ ತಂದ ಧೂಪದ ಕಟ್ಟಿಗೆ — ಚಕ್ಕೆ ಮಾಡಿ, ತುಪ್ಪ ಸವರಿ ಡಬ್ಬಿಗೆ ತುಂಬಿದೆ. ಎಂಥ ವಾಸನೆ! ಕೈ ತೊಳೆಯಲು ಮನಸ್ಸಾಗಲಿಲ್ಲ. ಸುಟ್ಟರೆ ಮಾತ್ರ ನನ್ನ ಶತ್ರು.

ನಾಳೆ ಶ್ರಾವಣದ ಮೊದಲ ಸೋಮವಾರ. ಅತ್ತೆಗೆ ಮೊಣಕಾಲು ನೋವು. ಇನ್ನು ಮೇಲೆ ವೀರಭದ್ರ ದೇವರಿಗೆ ಹೊಗೆ ಹಾಕುವವಳು ನಾನೇ. ಗೋಗಿಯ ಈ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳು. ದಮ್ಮು ಇದೆ ಅಂತ ಗಂಡ ದೇವಿಂದ್ರನಿಗೂ ಹೇಳಿಲ್ಲ... ಹೇಳಬೇಡ ಎಂದಿದ್ದಳು ನನ್ನ ಅವ್ವ. ಉಸಿರು ಕಟ್ಟಿದಾಗ ಬಾಯಿಗೆ ಎಳೆದುಕೊಳ್ಳುವ ಪಂಪ್ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಅಡಗಿದೆ.

ಜುಲೈ 28, ಸೋಮವಾರ

ದೇವರ ಕೋಣೆಗೆ ಕಿಟಕಿ ಇಲ್ಲ. ಉಸಿರು ಬಿಗಿಹಿಡಿದು ಧೂಪಾರತಿ ಎತ್ತಿದೆ. ಆಮೇಲೆ ಹಿತ್ತಲಿಗೆ ಓಡಿ ಪಂಪ್ ಎಳೆದುಕೊಂಡೆ. ಕಣ್ಣಲ್ಲಿ ನೀರು. ಮಾವ ಬಸವಂತ್ರಾಯರು ನೋಡಿ, "ಭಕ್ತಿ ಭಾಳ ಅದ ಹುಡುಗಿಗಿ" ಎಂದರು. ನಗುವುದೋ ಅಳುವುದೋ!

ಆಗಸ್ಟ್ 4, ಸೋಮವಾರ

ಸಿಕ್ಕಿಬಿದ್ದೆ. ಹೊಗೆ ಹಾಕುವಾಗ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಅಡುಗೆಮನೆಗೆ ಓಡಿ ಪಂಪ್ ಬಾಯಿಗಿಟ್ಟೆ. ಹಿಂದೆಯೇ ಅತ್ತೆ.

"ಏನದು? ಸೆಂಟಿನ ಬಾಟ್ಲಿ ಏನು?"

"ದಮ್ಮಿನ ಔಷಧರಿ ಅತ್ತಿ... ಸಣ್ಣಾಕಿ ಇದ್ದಾಗಿಂದ ಅದ."

ಪಂಪನ್ನು ತಿರುಗಿಸಿ ನೋಡಿ, ನನ್ನ ಕೈಗಿಟ್ಟು ಹೊರಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಆಗಸ್ಟ್ 8

ದೇವಿಂದ್ರನದು ಒಂದೇ ಮಾತು — "ನನಗರ ಹೇಳಬಾರದಿತ್ತೇನು?" ಇವತ್ತು ಅತ್ತೆ ಒಬ್ಬರೇ ಆಟೋ ಹತ್ತಿ ಶಹಾಪುರಕ್ಕೆ ಹೋದರು. ಯಾಕೆಂದು ಹೇಳಲಿಲ್ಲ. ಹಾಗೇ ನನ್ನೂರು ಕೊಂಕಲ್‌ಗೆ ಹೋಗಿ ಅವ್ವನನ್ನು ಕೇಳುತ್ತಾರೇನೋ... ತವರಿಗೆ ಕಳಿಸಿಬಿಟ್ಟರೆ? ಈ ಮನೆ ನನಗೆ ಬೇಕು. ದೇವಿಂದ್ರ ಬೇಕು. ಈ ಮುಂಗೋಪದ ಅತ್ತೆಯೂ ಬೇಕು.

ಆಗಸ್ಟ್ 11, ಸೋಮವಾರ

ಇವತ್ತಿನದನ್ನು ಬರೆಯಲೇಬೇಕು.

ಧೂಪಾರತಿಗೆ ಕೈ ಹಾಕಿದೆ. ಅತ್ತೆ ತಡೆದರು. "ಒಳಗ ಹೊಗಿ ಬ್ಯಾಡ." ದೇವರ ಹಿತ್ತಾಳೆ ಮುಖವನ್ನು ಗದ್ದುಗೆಯಿಂದ ಎತ್ತಿ, ಸೆರಗಿನಲ್ಲಿ ಅವಚಿಕೊಂಡು, ಕುಂಟುತ್ತ ಅಂಗಳಕ್ಕೆ ನಡೆದೇಬಿಟ್ಟರು.

ಮಾವ ಹೌಹಾರಿದರು. "ಏನ್ ಮಾಡಾಕತ್ತೀದಿ? ಹೊಳಿ ಜಳಕ ಬಿಟ್ರ ನಮ್ಮಪ್ಪನ ಕಾಲದಾಗೂ ದ್ಯಾವ್ರು ಗದ್ದುಗಿ ಇಳದಿಲ್ಲ!"

"ಜಳಕಕ್ಕ ಹೊಳಿತನಕ ಹೋಗಾಂವ, ಸೊಸಿ ಉಸಿರಿನ ಸಲುವಾಗಿ ಅಂಗಳಕ್ಕ ಬರಂಗಿಲ್ಲೇನು?"

ಮಾವ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಬೇವಿನ ಕೆಳಗೆ ದೇವರು. ಹೊಗೆ ಬಾರದ ಕಡೆ, ದೂರದಲ್ಲಿ ನಾನು. ಅತ್ತೆಯೇ ಚಕ್ಕೆ ಹಾಕಿದರು. ವಾಸನೆಯಷ್ಟೇ ಹಗುರಾಗಿ ಬಂತು... ಮೊದಲ ಸಲ ಭಯವಿಲ್ಲದೆ ಮೂಗಿನ ತುಂಬ ಎಳೆದುಕೊಂಡೆ. ಅಳು ಬಂತು. ಈ ಸಲ ಹೊಗೆಗಲ್ಲ.

ಶಹಾಪುರಕ್ಕೆ ಹೋದದ್ದು ಪಂಪಿಗಂತೆ! ನನ್ನ ಹಳೆಯ ಪಂಪಿನ ಖಾಲಿ ಡಬ್ಬಿ ತೋರಿಸಿ ಅಂಥದ್ದೇ ತಂದಿದ್ದಾರೆ. ನನ್ನ ಕೈಗೆ ಕೊಡಲಿಲ್ಲ, ತಮ್ಮ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. "ನಿಂದು ನಿನ್ನ ಹತ್ರ ಇರ್ಲಿ. ಇದು ನನ್ನ ಹತ್ರ. ನೀ ಮುಚ್ಚಿಡಾಕಿ, ನಿನ್ನ ನಂಬಂಗಿಲ್ಲ."

ಈ ಋಣ ಹೇಗೆ ತೀರಿಸಲಿ? ಹೆತ್ತವಳು ಮುಚ್ಚಿಡು ಎಂದಳು, ಇವರು ದೇವರನ್ನೇ ಎಬ್ಬಿಸಿದರು.

ಆಗಸ್ಟ್ 18, ಸೋಮವಾರ, ಸಂಜೆ

ಪೂಜೆ ಆಯಿತು. ಇವತ್ತು ದೇವರನ್ನು ಹೊತ್ತು ತಂದವರು ಮಾವ! ಯಾರೂ ಹೇಳಿರಲಿಲ್ಲ. ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅತ್ತೆ ಇನ್ನೂ ಕೆಂಡದ ಹತ್ತಿರ. ಮನಸ್ಸು ತುಂಬಿದೆ. ಗಾಳಿ ತಿರುಗಿತೇನೋ, ಹೊಗೆ ಈ ಕಡೆ...

"ಶಿವಲೀಲಾ! ಬರಿಯೂದು ಬಿಟ್ಟು ಸರಿ ಅತ್ಲಾಗ!"

ಅತ್ತೆ ಎದ್ದೇಬಿಟ್ಟರು. ಕೈಯಲ್ಲಿ ಎಲೆಅಡಿಕೆ ಚೀಲ. ಆ ಮೊಣಕಾಲಿನಲ್ಲೂ ನನ್ನ ಕಡೆಗೆ ಓಡಿ ಬರುತ್ತಿದ್ದಾರೆ —