ತಪ್ಪು ಬಾಗಿಲಿಗೆ ಬಂದ ಬರಹ

ಮೇಲ್ಮನೆಯ ನನ್ನ ತಂಗಿಗೆ,

ನೀನು ಮೂರನೆಯ ಮಹಡಿಯಿಂದ ಇಳಿಯುತ್ತಿಲ್ಲ, ನನ್ನ ಮಂಡಿ ನನ್ನನ್ನು ಹತ್ತಲು ಬಿಡುತ್ತಿಲ್ಲ. ಒಂದೇ ಕಟ್ಟಡದಲ್ಲಿದ್ದುಕೊಂಡು ಕಾಗದ ಬರೆಯುವ ಸ್ಥಿತಿ ನಮ್ಮದಾಯಿತು ನೋಡು. ಬೆಳಗ್ಗೆ ಹಾಲಿಗೆಂದು ನೀನು ಕಿಟಕಿಯಿಂದ ಇಳಿಬಿಡುವ ಬುಟ್ಟಿಯಲ್ಲಿ ಇದನ್ನು ಹಾಕುತ್ತೇನೆ. ಹಾಲು ಕಾಯಿಸಿ ಇಳಿಸಿದ ಮೇಲೆ ಓದು, ಇಲ್ಲದಿದ್ದರೆ ಉಕ್ಕಿಸಿಬಿಡುತ್ತೀಯ.

ಬೇರೆ ಸೀಮೆಯಿಂದ ಬಂದ ನಿನಗೆ ನಮ್ಮ ಅಕ್ಷರ ಕಲಿಸಿದವಳು ನಾನೇ ಎಂಬುದು ಈಗ ನನ್ನನ್ನು ಚುಚ್ಚುತ್ತದೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ನಿನ್ನನ್ನು ಕೂರಿಸಿಕೊಂಡು ದಾರದ ಉಂಡೆಯ ಚೀಟಿ, ಸೋಪಿನ ಕಾಗದ, ಔಷಧಿಯ ಡಬ್ಬಿ, ಸಿಕ್ಕಿದ್ದನ್ನೆಲ್ಲ ಓದಿಸಿದೆ. ಆಮೇಲೆ ನಿನಗೆ ಓದುವ ಹುಚ್ಚೇ ಹಿಡಿಯಿತು. ಕಂಡಲ್ಲೆಲ್ಲ ನಿಂತು ಜೋರಾಗಿ ಓದುತ್ತಿದ್ದೆ, ಔಷಧಿ ಅಂಗಡಿಯಲ್ಲಿ ನನ್ನ ಮಾನ ತೆಗೆದದ್ದೂ ಉಂಟು. ಆ ದಿನ ಬೆಳಗ್ಗೆಯೂ ಹಾಗೆಯೇ ಬಂದೆ. ನಾನಿನ್ನೂ ಬಾಗಿಲು ತೆರೆದಿರಲಿಲ್ಲ. ಹೊರಗೆ ನಿಂತು ನೀನು ಬಾಗಿಲ ಮೇಲಿನ ಅಕ್ಷರ ಕೂಡಿಸುವುದು ಒಳಗೆ ಕೇಳಿಸಿತು: “ನಿಮ್ಮ... ಜಾಗಕ್ಕೆ... ತೊಲಗಿ.” ತಪ್ಪಿಲ್ಲದೆ ಓದಿದ್ದೆ. ಶಾಭಾಸ್ ಎನ್ನೋಣವೆಂದು ಬಾಗಿಲು ತೆಗೆದೆ, ನಿನ್ನ ಮುಖ ನೋಡಿ ಬಾಗಿಲಿನ ಕಡೆ ತಿರುಗಿದೆ. “ಅಕ್ಕಾ, ಇದು ನನಗೆ ಬರ್ದಿರೋದು” ಎಂದೆ, ಮೆಟ್ಟಿಲು ಹತ್ತಿ ಹೋದೆ. ಅಂದಿನಿಂದ ನೀನು ಇಳಿದಿಲ್ಲ.

ನಿನಗೆ ಬರೆದದ್ದೇ ಹೌದು. ನಾವು ಮನೆ ಅದಲುಬದಲು ಮಾಡಿಕೊಂಡದ್ದು ಬರೆದವರಿಗೆ ಗೊತ್ತಿರಲಿಲ್ಲ, ಅಷ್ಟೆ. ನನ್ನ ಮಂಡಿ ಕೈಕೊಟ್ಟಾಗ, ನಾನು ಕೇಳುವ ಮೊದಲೇ, “ಅಕ್ಕ ಕೆಳಗೆ ಬರಲಿ, ನಾವು ಮೇಲೆ ಹೋಗ್ತೀವಿ” ಎಂದವಳು ನೀನು. ಸ್ವಂತದವರು ಯಾರೂ ಆ ಮಾತು ಆಡಿರಲಿಲ್ಲ. ನಿನ್ನ ಯಜಮಾನರು ನನ್ನ ಹೊಲಿಗೆ ಯಂತ್ರವನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಿದರು. ಅವರ ಹೆಸರಿನ ಫಲಕದ ಮೊಳೆಗಳು ಮಾತ್ರ ತುಕ್ಕು ಹಿಡಿದು ಕೀಳಲು ಬರಲಿಲ್ಲ. “ಇರಲಿ ಬಿಡಿ ಅಕ್ಕ, ಕೇಳಿದವರಿಗೆ ನೀವು ನನ್ನ ಬಾಡಿಗೆದಾರರು ಅಂತೀನಿ” ಎಂದು ನಕ್ಕಿದ್ದರು. ಅದು ಈಗಲೂ ನನ್ನ ಬಾಗಿಲ ಮೇಲೇ ಇದೆ.

ಕಟ್ಟಡದ ಸಂಘದ ಅಧ್ಯಕ್ಷರು ಅಂದೇ ಬಣ್ಣದ ಡಬ್ಬಿ ಹಿಡಿದು ಬಂದರು. “ಬೇಜಾರು ಮಾಡ್ಕೋಬೇಡಿ ಅಮ್ಮ, ಇದು ನಿಮಗಲ್ಲ, ತಪ್ಪಿ ನಿಮ್ಮ ಬಾಗಿಲಿಗೆ ಬಂದಿದೆ” ಎಂದರು, ಅಂಚೆಯವನು ಯಾರದೋ ಕಾಗದ ನನಗೆ ಹಾಕಿ ಹೋದಂತೆ. ಎದುರು ಮನೆಯಾಕೆ ಟೀ ತಂದಳು. ಪಾಪ ಎಷ್ಟು ಹೆದರಿದಿರೋ ಎಂದು ಕೈ ಹಿಡಿದುಕೊಂಡವರು ಒಬ್ಬಿಬ್ಬರಲ್ಲ. ಮೇಲೆ ಹತ್ತಿ ನಿನ್ನನ್ನು ಕೇಳಿದವರು ಯಾರೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ನಿನ್ನ ಯಜಮಾನರು ಬೇಕರಿಯಲ್ಲಿ ಪಾಳಿ ಮುಗಿಸಿ ಬರುವಾಗ ಬೈಕಿನಲ್ಲಿ ಬಂದವರು ಬಾಟಲಿ ಬೀಸಿ, ಹಣೆಗೆ ಹೊಲಿಗೆ ಬಿದ್ದಾಗಲೂ ಇದೇ ಜನ ಯಾರೋ ಕುಡುಕರಿರಬೇಕು ಎಂದು ಕೈ ತೊಳೆದುಕೊಂಡಿದ್ದರು. ಅಳಿಸುವುದಿಲ್ಲ ಎಂದು ಹೇಳಿ ಡಬ್ಬಿ ವಾಪಸು ಕಳಿಸಿದೆ. ಅಷ್ಟು ಧೈರ್ಯ ನನಗಿತ್ತು, ಬಾಗಿಲನ್ನು ಸರಿಯಾಗಿ ನೋಡುವವರೆಗೆ.

ಎಲ್ಲರೂ ಹೋದ ಮೇಲೆ ಕುರ್ಚಿ ಎಳೆದುಕೊಂಡು ಅದರೆದುರು ಕೂತೆ. ಇಂಥ ಕೆಲಸಕ್ಕೆ ಬಂದವರು ಗೀಚಿ ಓಡುತ್ತಾರೆ. ಇದು ಹಾಗಿರಲಿಲ್ಲ. ಅಕ್ಷರಗಳೆಲ್ಲ ಒಂದೇ ಎತ್ತರ, ನಡುವೆ ಸಮನಾದ ಜಾಗ, ಪ್ರತಿ ಅಕ್ಷರದ ಬಲಕ್ಕೆ ತೆಳ್ಳಗೆ ಒಂದು ನೆರಳಿನ ಗೆರೆ. ಅಂಗಡಿ ಬೋರ್ಡು ಬರೆಯುವವರು ಎಳೆಯುವ ಗೆರೆ ಅದು. ಕುಂಚ ಎತ್ತುವ ಮುಂಚೆ ತುದಿಯನ್ನು ಚೂರು ಮೇಲಕ್ಕೆ ತಿರುಗಿಸುವ ಚಾಳಿ ನಾನು ಒಬ್ಬನಲ್ಲಿ ಮಾತ್ರ ಕಂಡಿದ್ದೇನೆ. ಅವನು ಬರೆದ ಮೊದಲ ಬೋರ್ಡು ನನ್ನದೇ, ‘ಇಲ್ಲಿ ಬಟ್ಟೆ ಹೊಲಿದು ಕೊಡಲಾಗುವುದು’ ಎಂದು. ದ್ವೇಷವನ್ನೂ ನೀಟಾಗಿ ಬರೆದಿದ್ದಾನೆ ತಂಗಿ. ನನ್ನ ಮಗ ಕೆಲಸಗಳ್ಳನಲ್ಲ.

ಮನೆ ಬಿಟ್ಟು ಗೆಳೆಯರ ಜೊತೆ ಇರುವ ಮಗನೊಬ್ಬ ಇದ್ದಾನೆ ಎಂದಿದ್ದೆನಲ್ಲ, ಅವನೇ. ಪ್ಲಾಸ್ಟಿಕ್ ಬೋರ್ಡು ಅಚ್ಚು ಹಾಕುವ ಯಂತ್ರ ಬಂದು ಅವನ ಕೆಲಸ ಹೋಯಿತು. ಯಂತ್ರಕ್ಕೆ ಮೈಬಣ್ಣವಿಲ್ಲ, ಬೈದರೆ ತಿರುಗಿ ನೋಡುವುದೂ ಇಲ್ಲ. ಸಿಟ್ಟೆಲ್ಲ ನಿಮ್ಮ ಬಣ್ಣದ ಮೇಲೆ, ನಿಮ್ಮ ಮಾತಿನ ಮೇಲೆ ತಿರುಗಿತು. ನಿಮ್ಮೊಂದಿಗೆ ಮನೆ ಬದಲಾಯಿಸಿದೆ ಎಂದರೆ ಹಾರಾಡುತ್ತಾನೆಂದು ಅವನಿಗೆ ಹೇಳಿರಲಿಲ್ಲ. ಫೋನ್ ಮಾಡಿದೆ. ನಾನಲ್ಲ ಎನ್ನಲಿ ಎಂದು ಕಾದೆ. “ಅಮ್ಮ, ಅದು ನಿನ್ನ ಬಾಗಿಲು ಅಂತ ನಂಗೆ ಗೊತ್ತಿರ್ಲಿಲ್ಲ” ಎಂದು ಅತ್ತ. ಬಾಟಲಿಯ ವಿಷಯ ಕೇಳಿದೆ. ತಾನು ಬೈಕ್ ಓಡಿಸಿದ್ದಷ್ಟೇ, ಹೊಡೆದದ್ದು ಹಿಂದೆ ಕೂತವನು ಎಂದ. ಅವರದೇ ಬಾಗಿಲಾಗಿದ್ದರೆ ಅಳುತ್ತಿದ್ದೆಯೇನೋ ಎಂದು ಕೇಳಿದೆ. ಅವನು ಫೋನ್ ಇಟ್ಟುಬಿಟ್ಟ.

ನಿನ್ನೆ ಠಾಣೆಯಿಂದ ಪೇದೆಯೊಬ್ಬರು ಬಂದಿದ್ದರು. ಬರಹ ನಿನಗಾದರೂ ಬಾಗಿಲು ನನ್ನದಂತೆ, ಹಾಗಾಗಿ ದೂರು ನಾನೇ ಕೊಡಬೇಕಂತೆ. ನಾನು ಕೊಡದಿದ್ದರೆ ಕೇಸೇ ಇಲ್ಲ. “ಯಾರ ಮೇಲಾದ್ರೂ ಅನುಮಾನ ಇದೆಯಾ ಅಮ್ಮ?” ಎಂದು ಪೆನ್ನು ಹಿಡಿದು ಕೂತರು. ಮಂಡಿ ನೋವು, ನಾಳೆ ಬನ್ನಿ ಎಂದೆ. ಇವತ್ತು ಮಧ್ಯಾಹ್ನ ಬರುತ್ತಾರೆ. ಹೆಸರು ಹೇಳಿದರೆ ನನ್ನ ಮಗ ಜೈಲು ಸೇರುತ್ತಾನೆ. ಹೇಳದಿದ್ದರೆ ಅವನ ಹಿಂದೆ ಕೂತು ಬಾಟಲಿ ಬೀಸಿದವನೂ ಇದೇ ಬೀದಿಯಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತಾನೆ, ನೀವು ಗಂಟುಮೂಟೆ ಕಟ್ಟುತ್ತೀರಿ. ಮೇಲೆ ಸಾಮಾನು ಎಳೆಯುವ ಸದ್ದು ಮೆಟ್ಟಿಲಿನ ಕಡೆಯಿಂದ ನನಗೆ ಕೇಳುತ್ತಿದೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿದೆ ನನ್ನ ಪಾಡು.

ನಿನಗೆ ನಿಜ ಹೇಳುತ್ತೇನೆ, ನಿನ್ನೆಯಿಂದ ನಾನು ಸುಳ್ಳನ್ನು ಅಭ್ಯಾಸ ಮಾಡುತ್ತಿದ್ದೇನೆ. ಯಾರೋ ಏನೋ ಸ್ವಾಮಿ, ಮುದುಕಿಗೆ ಏನು ಗೊತ್ತಾಗುತ್ತೆ ಎಂದು ಕನ್ನಡಿಯ ಮುಂದೆ ಹೇಳಿ ನೋಡಿದೆ. ಚೆನ್ನಾಗಿಯೇ ಬರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ಹೆಗ್ಗಣ ಪಕ್ಕದ ಮನೆಯವರನ್ನು ಕಚ್ಚಿದರೆ ಏನು ಮಾಡಬೇಕೆಂದು ಗಾದೆ ಕಟ್ಟಿದವರು ಹೇಳಿಹೋಗಲಿಲ್ಲ. ಅವನು ಸಣ್ಣವನಿದ್ದಾಗ ಬಣ್ಣದ ಕೈ ಒರೆಸಿಕೊಳ್ಳುತ್ತಿದ್ದುದು ನನ್ನ ಸೆರಗಿಗೆ. ಈಗಲೂ ಒರೆಸಿಕೊಳ್ಳಲಿ ಎಂದೇ ಈ ಹಾಳು ಜೀವ ಹೇಳುತ್ತದೆ.

ಅದಕ್ಕೇ ಒಂದು ಮಾತು ಕೇಳುತ್ತೇನೆ, ಕೇಳುವ ಮುಖ ನನಗಿಲ್ಲವೆಂದು ಗೊತ್ತಿದ್ದೂ. ಪೇದೆ ಬರುವ ಹೊತ್ತಿಗೆ ಕೆಳಗಿಳಿದು ಬಾ. ನನ್ನನ್ನು ಸಮಾಧಾನ ಮಾಡಬೇಡ, ಕ್ಷಮಿಸುವುದೂ ಬೇಡ, ಮಾತನ್ನೇ ಆಡಬೇಡ. ಎದುರಿಗೆ ಕೂತಿರು, ಸಾಕು. ನಿನ್ನ ಮುಖ ನೋಡಿಕೊಂಡು ಗೊತ್ತಿಲ್ಲ ಎನ್ನಲು ನನ್ನಿಂದಾಗದು. ನೀನು ಬಾರದಿದ್ದರೆ ಏನು ಹೇಳಿಬಿಡುತ್ತೇನೋ ನನಗೇ ತಿಳಿಯದು ತಂಗಿ. ಒಬ್ಬಳೇ ಇದ್ದರೆ ನಾನು ಬರೀ ಅವನ ತಾಯಿ.

ಬಂದರೂ ಬಾರದಿದ್ದರೂ, ನಿನ್ನ ಯಜಮಾನರ ಹಣೆಯ ಗಾಯ ಬೇಗ ಮಾಯಲಿ. ಎಲ್ಲಿದ್ದರೂ ನೀವಿಬ್ಬರೂ ತಲೆಯೆತ್ತಿ ಓಡಾಡುವಂತಾಗಲಿ.

ನೀನು ಇನ್ನೂ ಹಾಗೆ ಕರೆಯುವುದಾದರೆ,
ನಿನ್ನ ಅಕ್ಕ