ಅತ್ತೆಯನ್ನು ಎತ್ತಲು ಕಲಿತದ್ದು

ಕುಂಬಳೆ
೧೪ ಮಾರ್ಚ್ ೧೯೫೪, ಭಾನುವಾರ

ಬೊಂಬಾಯಿಯಲ್ಲಿರುವ ನಿಮಗೆ ಮನೋರಮಾ ಮಾಡುವ ನಮಸ್ಕಾರ.

ಅತ್ತೆ ಕ್ಷೇಮ. ನಾನೂ ಕ್ಷೇಮ. ಎರಡು ವರ್ಷದಿಂದ ಪ್ರತಿ ಕಾಗದದಲ್ಲೂ ಇದನ್ನೇ ಬರೆಯುತ್ತಿದ್ದೇನೆ. ಆದರೆ ನಿಜ ಬರೆಯುತ್ತಿರುವುದು ಈ ಸಲ ಮಾತ್ರ.

ನಿಮ್ಮ ಕಾರ್ಡು ಮಂಗಳವಾರ ತಲುಪಿತು. ಬರುವ ತಿಂಗಳ ಬಿಸು ಹಬ್ಬಕ್ಕೆ ಬಂದು ಅತ್ತೆಯನ್ನು ಮೀಂಜಕ್ಕೆ, ನಿಮ್ಮ ಅಕ್ಕ ಜಲಜಾಕ್ಷಿಯವರ ಮನೆಗೆ ಸಾಗಿಸುವುದಾಗಿ ಬರೆದಿದ್ದೀರಿ. ಅತ್ತೆಗೆ ಪಾರ್ಶ್ವವಾಯು ಬಡಿದಾಗ ಬಂದು ಎಂಟು ದಿನ ಇದ್ದು ಹೋದವರು ನೀವು, ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಅದಕ್ಕೆ ನಾನು ಕಾರಣ ಕೇಳುವುದಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ನೀವು ಬರೆದ ಒಂದು ಮಾತಿಗೆ ಮಾತ್ರ ಇವತ್ತು ಉತ್ತರ ಕೊಡಬೇಕಾಗಿದೆ. ಒಂದು ಕೊಡ ನೀರು ಎತ್ತಲಾಗದವಳು ನನ್ನ ತಾಯಿಯನ್ನು ಹೇಗೆ ಎತ್ತುತ್ತೀ ಎಂದು ಕೇಳಿದ್ದಿರಿ.

ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಮಳೆಗಾಲದ ಆಟಿ ತಿಂಗಳಲ್ಲಿ ಅತ್ತೆ ಮಂಚದಿಂದ ಜಾರಿ ಬಿದ್ದರೆಂದು ನಿಮಗೂ ಅಕ್ಕನಿಗೂ ಬರೆದಿದ್ದೆ. ಅವರು ಜಾರಲಿಲ್ಲ. ಅವರು ಬಿದ್ದದ್ದು ನನ್ನ ಕೈಯಿಂದ. ಬಟ್ಟೆ ಬದಲಿಸಲೆಂದು ಅವರ ಕಂಕುಳಿಗೆ ಕೈ ಕೊಟ್ಟು ಎಬ್ಬಿಸುವಾಗ ನನ್ನ ಮಂಡಿ ನಡುಗಿತು, ಕಣ್ಣು ಕತ್ತಲೆಯಾಯಿತು, ಇಬ್ಬರೂ ನೆಲಕ್ಕೆ ಬಿದ್ದೆವು. ಅವರ ಸೊಂಟ ನೀಲಿಗಟ್ಟಿ ಮೂರು ವಾರ ಮಗ್ಗುಲು ಬದಲಿಸಲಾಗಲಿಲ್ಲ. ಬೆನ್ನಿನ ಹುಣ್ಣು ಶುರುವಾದದ್ದೂ ಆಗಲೇ. ಅವರೇ ಜಾರಿದರೆಂದು ನಾನು ಎಲ್ಲರಿಗೂ ಹೇಳುವಾಗ ಅವರು ಅಲ್ಲೇ ಮಲಗಿ ನನ್ನ ಮುಖ ನೋಡುತ್ತಿದ್ದರು. ಮಾತು ನಿಂತವರ ಮೇಲೆ ತಪ್ಪು ಹೊರಿಸುವುದು ಬಹಳ ಸುಲಭ.

ಬಿದ್ದ ಸುದ್ದಿ ಕೇಳಿ ಅಕ್ಕ ಬಾಡಿಗೆ ಕಾರು ಮಾಡಿಕೊಂಡು ಬಂದರು. ಅವರ ಮೇಲೆ ನನಗೆ ಬೇಸರವಿಲ್ಲ, ತಾಯಿಯ ನೀಲಿಗಟ್ಟಿದ ಸೊಂಟವನ್ನು ಕಣ್ಣಾರೆ ಕಂಡವರು ಅವರು. ಕರೆದುಕೊಂಡು ಹೋಗುತ್ತೇನೆ ಎಂದಾಗ ಅತ್ತೆ ಎಡಗೈಯಿಂದ ಮಂಚದ ಕಾಲನ್ನು ಹಿಡಿದುಕೊಂಡರು. ಬಿಡಿಸಲು ನೋಡಿದರೆ ಬಿಡಲಿಲ್ಲ. ಬೆರಳಿನ ಗಂಟುಗಳು ಬೆಳ್ಳಗಾಗಿದ್ದವು. ಅದನ್ನು ನೋಡಿದ ಮೇಲೆ ನಾನು ಅಕ್ಕನ ಕಾಲು ಹಿಡಿದು, ಬಿಸುವಿನ ತನಕ ಸಮಯ ಕೊಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಆದರೆ ಅಷ್ಟರೊಳಗೆ ನಾನು ಎಂತ ಮಾಡಬೇಕೆಂದು ನನಗೇ ಗೊತ್ತಿರಲಿಲ್ಲ.

ರೈಲು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಲೋಕಯ್ಯನವರು ನಿಮಗೆ ನೆನಪಿರಬಹುದು. ಈಗ ಕೆಲಸ ಬಿಟ್ಟಿದ್ದಾರೆ. ದಿನಕ್ಕೊಮ್ಮೆ ಬಂದು ಅತ್ತೆಯನ್ನು ಮಂಚದಿಂದ ಇಳಿಸಿ ಸ್ನಾನದ ಮಣೆಯ ಮೇಲೆ ಕೂರಿಸಿ ಎಂದು ಅವರನ್ನು ಬೇಡಿಕೊಂಡೆ. ಎರಡು ದಿನ ಬಂದರು. ಹೂವಿನ ಹಾಗೆ ಎತ್ತಿ ಇಳಿಸಿದರು. ಆದರೆ ಎರಡೂ ದಿನ ಅತ್ತೆ ಕಣ್ಣು ಮುಚ್ಚಿಕೊಂಡು ಅತ್ತರು. ಪರ ಗಂಡಸೊಬ್ಬ ಸ್ನಾನಕ್ಕೆ ಎತ್ತಿಕೊಂಡು ಹೋಗುವುದೆಂದರೆ ಆ ಜೀವಕ್ಕೆ ಎಷ್ಟು ನಾಚಿಕೆಯಾಗಿರಬೇಡ! ನಾನು ಅದನ್ನು ಯೋಚಿಸಿಯೇ ಇರಲಿಲ್ಲ, ಯೋಚಿಸಿದವರು ಲೋಕಯ್ಯನವರು. ಮೂರನೆಯ ದಿನ ಅಂಗಳದಲ್ಲೇ ನಿಂತು, "ನಾನು ಇನ್ನು ಮುಟ್ಟುವುದಿಲ್ಲ ಮಗಳೇ. ನೀನೇ ಎತ್ತಬೇಕು, ನಾನು ಕಲಿಸ್ತೇನೆ" ಎಂದರು.

ನನ್ನಲ್ಲಿ ಶಕ್ತಿ ಎಲ್ಲುಂಟು ಎಂದು ಕೇಳಿದೆ.

"ಶಕ್ತಿ ಎಂತ ಹುಟ್ಟುವಾಗ ಬರುವುದಾ? ನಾನು ಶೆಡ್ಡಿಗೆ ಬಂದ ಮೊದಲ ದಿನ ಅರ್ಧ ಮೂಟೆಗೇ ಬಿದ್ದವ."

ಆಮೇಲೆ ಅವರು ಕೇಳಿದ್ದು, ನಾನು ದಿನಕ್ಕೆ ಎಂತ ಉಣ್ಣುತ್ತೇನೆ ಎಂದು. ಬೆಳಿಗ್ಗೆ ಚಹಾ, ಮಧ್ಯಾಹ್ನ ಅತ್ತೆಯ ಕೆಲಸವೆಲ್ಲ ಮುಗಿದು ಮೂರು ಗಂಟೆಗೆ ಉಳಿದ ಗಂಜಿ, ಉಪ್ಪಿನಕಾಯಿ, ಸಂಜೆ ಮತ್ತೆ ಚಹಾ. ಹೇಳುವಾಗ ನನಗೇ ನಗು ಬಂತು. ಮನೆಯಲ್ಲಿ ಇರುವುದು ಇಬ್ಬರು, ಅದರಲ್ಲೂ ನಾನು ಎಲ್ಲರ ನಂತರ ಉಣ್ಣುವವಳು! ಲೋಕಯ್ಯನವರು ನಗಲಿಲ್ಲ. ಮೊದಲ ಹದಿನೈದು ದಿನ ಏನನ್ನೂ ಎತ್ತುವುದು ಬೇಡ, ಸರಿಯಾಗಿ ಉಂಡು ಬಾ ಎಂದರು.

ಇದು ಸುಲಭವೆಂದು ತಿಳಿಯಬೇಡಿ. ಎತ್ತುವುದಕ್ಕಿಂತ ಕಷ್ಟವಾದದ್ದು ಇದೇ. ಬೆಳಿಗ್ಗೆ ಒಲೆ ಹೊತ್ತಿಸಿದ ಕೂಡಲೇ ನನ್ನ ಹೊಟ್ಟೆಗೆಂದು ಬೇಯಿಸುವುದು ಕಳ್ಳತನ ಮಾಡಿದ ಹಾಗೆ ಅನಿಸುತ್ತಿತ್ತು. ಹೆಸರುಕಾಳು ಹಾಕಿದ ಕುಚ್ಚಲಕ್ಕಿ ಗಂಜಿ, ಒಂದು ಮೊಟ್ಟೆ. ಮಧ್ಯಾಹ್ನ ಹನ್ನೆರಡೂವರೆಗೆ ಅತ್ತೆಗೆ ಉಣಿಸುತ್ತಾ ಪಕ್ಕದಲ್ಲೇ ನನ್ನ ಬಟ್ಟಲು. ಹುರುಳಿ ಸಾರು, ಬಸಳೆ ಅಥವಾ ನುಗ್ಗೆ ಸೊಪ್ಪು, ಸಿಕ್ಕಿದ ದಿನ ಬೂತಾಯಿ ಮೀನು. ನಾನು ಹಾಗೆ ಎದುರಿಗೆ ಕೂತು ಉಣ್ಣತೊಡಗಿದ ಮೇಲೆ ಅತ್ತೆಯೂ ಎರಡು ತುತ್ತು ಹೆಚ್ಚು ಉಂಡರು. ಅಷ್ಟು ದಿನ ನಾನು ಆತುರದಲ್ಲಿ ಅವರ ಬಾಯಿಗೆ ತುರುಕುತ್ತಿದ್ದೆ ಎಂದು ಆಗ ತಿಳಿಯಿತು.

ಆಮೇಲೆ ಅಭ್ಯಾಸ ಶುರುವಾಯಿತು. ಮೊದಲು ಮಣೆಯ ಮೇಲೆ ಕೂತು ಗೋಡೆ ಹಿಡಿಯದೆ ಏಳುವುದು. ಐದು ಸಲಕ್ಕೆ ತೊಡೆ ನಡುಗುತ್ತಿತ್ತು. ಅದು ಇಪ್ಪತ್ತಾದ ಮೇಲೆ ಗೋಣಿ ಹೊಲಿದು ಹೊಳೆಯ ಮರಳು ತುಂಬಿ ಹದಿನೈದು ರಾತಲಿನ ಚೀಲ ಮಾಡಿಕೊಟ್ಟರು. ಅವರು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನೋಡುವುದು, ನಾನು ಸೆರಗು ಬಿಗಿದು ಎತ್ತುವುದು. ಬೆನ್ನು ಬಗ್ಗಿಸಬಾರದು, ಮಂಡಿ ಮಡಚಿ ಭಾರವನ್ನು ಎದೆಗೆ ಒತ್ತಿಕೊಂಡು ಕಾಲಿನಿಂದ ಏಳಬೇಕು, ಏಳುವಾಗ ಉಸಿರು ಬಿಡಬೇಕು. ಒಂದು ದಿನ ಬಿಟ್ಟು ಒಂದು ದಿನ ಮಾತ್ರ. ಹುಮ್ಮಸ್ಸು ಬಂದು ದಿನಾ ಮಾಡುತ್ತೇನೆ ಎಂದರೆ ಬೈಯುತ್ತಿದ್ದರು. ಮೈ ಬೆಳೆಯುವುದು ಎತ್ತುವಾಗ ಅಲ್ಲ, ಉಂಡು ಮಲಗಿದಾಗ ಎಂಬುದು ಅವರ ಲೆಕ್ಕ. ವಾರಕ್ಕೆ ಆರೇಳು ರಾತಲು ಮರಳು ಸೇರಿಸುತ್ತಾ ಹೋದೆವು.

ಬಾವಿಕಟ್ಟೆಯಲ್ಲಿ ಹೆಂಗಸರು ಮಾತಾಡಿಕೊಂಡರು. ತಲಶ್ಶೇರಿಯ ಸರ್ಕಸ್ಸಿಗೆ ಸೇರುತ್ತಾಳಂತೆ ಎಂದು ಯಾರೋ ಹೇಳಿದ್ದು ಇಡೀ ಕುಂಬಳೆಗೆ ಹಬ್ಬಿತು. ನಾಚಿಕೆಯಾಗಿ ನವರಾತ್ರಿಯ ನೆಪದಲ್ಲಿ ಅಭ್ಯಾಸ ಬಿಟ್ಟೆ. ಹಬ್ಬ ಮುಗಿದರೂ ಶುರು ಮಾಡಲಿಲ್ಲ. ಚಹಾ ಕುಡಿದೇ ಹೊತ್ತು ಕಳೆಯುವ ಹಳೆಯ ಚಾಳಿಯೂ ಮರಳಿ ಬಂತು. ಒಂದು ತಿಂಗಳಾದ ಮೇಲೆ ಚೀಲ ಎತ್ತಲು ಹೋದರೆ ನೆಲ ಬಿಟ್ಟು ಏಳಲೇ ಇಲ್ಲ. ಅಲ್ಲೇ ಕೂತು ಕಣ್ಣೀರು ಹಾಕಿದೆ. ಲೋಕಯ್ಯನವರು ಗೋಣಿಯ ಬಾಯಿ ಬಿಚ್ಚಿ ಅರ್ಧದಷ್ಟು ಮರಳು ಸುರಿದು, ಪುನಃ ಕಟ್ಟಿ ನನ್ನ ಮುಂದೆ ಇಟ್ಟರು. "ಬಿಟ್ಟದ್ದು ಹೋಯಿತು. ಇವತ್ತು ಇದನ್ನು ಎತ್ತು." ಅಷ್ಟೇ. ಆ ದಿನದಿಂದ ಇವತ್ತಿನವರೆಗೆ ಒಂದು ಸರದಿಯನ್ನೂ ತಪ್ಪಿಸಿಲ್ಲ. ಮೊದಲ ಸಲದಷ್ಟು ಹೊತ್ತೂ ಹಿಡಿಯಲಿಲ್ಲ, ಒಮ್ಮೆ ಕಲಿತ ಮೈ ಬೇಗ ಮರಳಿ ಬರುತ್ತದಂತೆ.

ಫೆಬ್ರವರಿ ಮೊದಲ ವಾರ ಚೀಲ ತೊಂಬತ್ತು ರಾತಲಿಗೆ ಮುಟ್ಟಿತು. ಮೂಟೆಯನ್ನು ಕಣ್ಣಲ್ಲೇ ತೂಗುವ ಲೋಕಯ್ಯನವರು, ಅತ್ತೆಯ ತೂಕ ಎಂಬತ್ತು ರಾತಲಿನ ಮೇಲಿಲ್ಲ, ಇನ್ನು ಎತ್ತಬಹುದು ಎಂದು ಹೇಳಿ ಮನೆಗೆ ಹೊರಟುಹೋದರು. ನಾನು ಕೈಕಾಲು ತೊಳೆದು ಒಳಗೆ ಹೋದೆ.

ಅತ್ತೆಯ ಬೆನ್ನಿನ ಕೆಳಗೆ ಕೈ ಹಾಕಿದ ಕೂಡಲೇ ಅವರ ಮೈ ಕೊರಡಿನ ಹಾಗೆ ಸೆಟೆಯಿತು. ಕಣ್ಣಲ್ಲಿ ಭಯ. ಮರಳಿನ ಚೀಲಕ್ಕೆ ಭಯ ಇರುವುದಿಲ್ಲವಲ್ಲ, ಲೋಕಯ್ಯನವರು ಅದನ್ನು ಕಲಿಸಿರಲಿಲ್ಲ. ನಾನು ಕೈ ತೆಗೆದು ಮಂಚದ ಪಕ್ಕ ನೆಲದಲ್ಲಿ ಕೂತೆ. ಹೇಳಿದೆ: "ಅತ್ತೆ, ಆ ದಿನ ಬೀಳಿಸಿದ್ದು ನಾನು. ನೀವೇ ಜಾರಿದ್ದು ಎಂದು ಎಲ್ಲರಿಗೂ ಸುಳ್ಳು ಹೇಳಿದೆ. ಈಗ ನನ್ನಿಂದಾಗುತ್ತದೆ. ಆದರೆ ನಿಮಗೆ ಬೇಡವೆಂದಾದರೆ ಎತ್ತುವುದಿಲ್ಲ."

ಅವರ ಎಡಗೈ ಮೆಲ್ಲ ಬಂದು ನನ್ನ ತಲೆಯ ಮೇಲೆ ಕೂತಿತು. ಅಲ್ಲಿಂದ ಕುತ್ತಿಗೆಗೆ ಇಳಿದು ಸುತ್ತಿಕೊಂಡಿತು. ನಾನು ಮಂಡಿ ಮಡಚಿ, ಅವರನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಎದ್ದೆ. ಕಾಲು ನಡುಗಲಿಲ್ಲ. ಸ್ನಾನದ ಮಣೆಗೆಂದು ಎತ್ತಿದವಳು ಅಲ್ಲಿ ನಿಲ್ಲದೆ ಚಾವಡಿಯವರೆಗೂ ನಡೆದು ಕುರ್ಚಿಯಲ್ಲಿ ಕೂರಿಸಿದೆ. ಮನೆಯೆದುರಿನ ರೈಲು ಹಳಿಯಲ್ಲಿ ಹತ್ತೂವರೆಯ ಗಾಡಿ ಹೋಗುವುದನ್ನು ಅತ್ತೆ ನೋಡಿದರು. ಎರಡು ವರ್ಷದಿಂದ ಅದರ ಸದ್ದು ಮಾತ್ರ ಕೇಳುತ್ತಿದ್ದವರು ಅವರು. ಗಾಡಿ ಹೋದ ಮೇಲೂ ಹಳಿಯನ್ನೇ ನೋಡುತ್ತಿದ್ದರು.

ಈಗ ದಿನಕ್ಕೆರಡು ಸಲ ಎತ್ತಿ ಕೂರಿಸುತ್ತೇನೆ. ಬೆನ್ನಿನ ಹುಣ್ಣು ಒಣಗಿದೆ. ಬಲಗೈಗೆ ಒಂದು ಹಿಡಿ ಮರಳಿನ ಪುಟ್ಟ ಚೀಲ ಹೊಲಿದು ಕೊಟ್ಟಿದ್ದೇನೆ. ಮೊದಲು ಬೆರಳು ಮಡಚುತ್ತಿರಲಿಲ್ಲ. ಈಗ ಹಿಡಿದು ಮಡಿಲಿನಿಂದ ಒಂದು ಗೇಣು ಎತ್ತುತ್ತಾರೆ. ನಾನು ಹಿತ್ತಿಲಲ್ಲಿ ಎತ್ತುವಾಗ ಅವರು ಕುರ್ಚಿಯಲ್ಲಿ ಕೂತು ಎತ್ತುವುದು. ನಾನು ತಡಮಾಡಿದರೆ ಬೆತ್ತದಿಂದ ಕುರ್ಚಿಯ ಕಾಲಿಗೆ ಬಡಿದು ಕರೆಯುತ್ತಾರೆ.

ಹೋದ ವಾರ ಜಲಜಾಕ್ಷಿ ಅಕ್ಕ ಅತ್ತೆಯ ಬಟ್ಟೆಬರೆ ಕಟ್ಟಿಡಲೆಂದು ಬಂದಿದ್ದರು. ನಾನು ಅತ್ತೆಗಿಂತ ಮೊದಲು ಗಂಜಿ ಉಣ್ಣುತ್ತಾ ಕೂತದ್ದು ಕಂಡು ಮುಖ ಗಂಟಿಕ್ಕಿದರು. ಉಂಡಾದ ಮೇಲೆ ಅವರ ಕಣ್ಣೆದುರೇ ಅತ್ತೆಯನ್ನು ಎತ್ತಿಕೊಂಡು ಸ್ನಾನಕ್ಕೆ ಒಯ್ದೆ. ಅಕ್ಕ ಹಿಂದೆ ಬಂದು ನೀರು ಹೊಯ್ದರು. ತಾಯಿಯ ಬೆನ್ನನ್ನು ಬಹಳ ಹೊತ್ತು ಸವರಿ ನೋಡಿದರು. ಹೊರಡುವಾಗ, "ಅಮ್ಮ ಇಲ್ಲೇ ಇರಲಿ. ಪುರುಷೋತ್ತಮನಿಗೆ ನೀನೇ ಬರೆ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ಬಿಸುವಿಗೆ ಖಂಡಿತ ಬನ್ನಿ. ಕರೆದುಕೊಂಡು ಹೋಗಲು ಅಲ್ಲ, ತಾಯಿಯ ಜೊತೆ ಇರಲು. ಹದಿನೈದು ದಿನವಾದರೂ ಇರಿ. ನೀವಿರುವ ದಿನಗಳಲ್ಲಿ ಎತ್ತುವ ಸರದಿ ನಿಮ್ಮದೂ ಹೌದು. ವರ್ಷಗಟ್ಟಲೆ ಆಫೀಸಿನ ಕುರ್ಚಿಯಲ್ಲಿ ಕೂತ ಮೈ, ಬಂದ ದಿನವೇ ಎತ್ತಲು ಬಿಡುವುದಿಲ್ಲ. ಇನ್ನೂ ಒಂದು ತಿಂಗಳು ಉಂಟು. ಈ ಕಾಗದ ಕೈಗೆ ಸಿಕ್ಕಿದ ದಿನದಿಂದ ಮಣೆಯ ಮೇಲೆ ಕೂತು ಏಳಿ. ಗೋಡೆ ಹಿಡಿಯಬೇಡಿ.

ನಿಮ್ಮ ಶ್ರೇಯಸ್ಸನ್ನು ಬಯಸುವ,
ಮನೋರಮಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮ ಚಾಳಿನಲ್ಲೇ ಇರುವ ಸೀತಾಂಗೋಳಿಯ ಗೌರೀಶಂಕರ ಊರಿಗೆ ಬಂದಿದ್ದ. ಅಲ್ಲಿ ನಿಮ್ಮ ಜೊತೆ ಇರುವ ಪ್ರೇಮಾವತಿಯ ವಿಷಯ ಅವನಿಂದ ತಿಳಿಯಿತು, ಅವಳಿಗೆ ಈಗ ಏಳು ತಿಂಗಳೆಂದೂ ತಿಳಿಯಿತು. ನಾನು ದೊಡ್ಡ ಮನಸ್ಸಿನವಳೆಂದು ಭಾವಿಸಬೇಡಿ. ಆ ದಿನ ಹಿತ್ತಿಲಿಗೆ ಹೋಗಿ ಚೀಲವನ್ನು ಕೈ ಸೋಲುವಷ್ಟು ಸಲ ಎತ್ತಿದೆ, ಮರುದಿನ ಬಾಚಣಿಗೆ ಹಿಡಿಯಲಾಗಲಿಲ್ಲ. ಅತ್ತೆಗೆ ಹೇಳಿಲ್ಲ. ಹೇಳಬೇಕಾದವರು ನೀವು. ನಮ್ಮಿಬ್ಬರ ಮಾತನ್ನು ನೀವು ಬಂದ ಮೇಲೆ ಆಡೋಣ. ಅವಳು ಇನ್ನೂ ಇಪ್ಪತ್ತು ದಾಟದ ಹುಡುಗಿಯಂತೆ, ತುಂಬ ಸೊರಗಿದ್ದಾಳಂತೆ. ಬೆಳಿಗ್ಗೆ ಬರೀ ಚಹಾ ಕೊಟ್ಟು ಬಿಡಬೇಡಿ, ಮೊಟ್ಟೆ, ಹೆಸರುಕಾಳು ಕೊಡಿ. ಅವಳು ನಿಮಗೆ ಬಡಿಸಿ ಬಾಗಿಲ ಬಳಿ ನಿಂತರೆ ನೀವು ತುತ್ತು ಎತ್ತಬೇಡಿ, ಅವಳು ಬಂದು ಕೂರುವ ತನಕ ಕಾಯಿರಿ.